ಖಾದಿಯ ಗೋಜಲೆಲ್ಲ ನೂಲಿನಲ್ಲಿದೆ

ಅಂಗಡಿಯಲ್ಲಿ ಒಂದು ಜುಬ್ಬಾ ಹಿಡಿದು "ಇದು ಖಾದಿನಾ?" ಎಂದು ಕೇಳಿ ನೋಡಿ. "ಹೌದು ಸಾರ್, ಕೈಮಗ್ಗದ್ದೇ" ಎಂಬ ಉತ್ತರ ಬರುತ್ತದೆ. ಹಾಗೆ ಹೇಳಿದವರು ಸುಳ್ಳು ಹೇಳುತ್ತಿಲ್ಲ. ಆದರೆ ನಾವು ಕೇಳಿದ್ದೇ ಬೇರೆ. ಇಳಕಲ್ ಸೀರೆಯೂ ಕೈಮಗ್ಗದ್ದೇ, ಆದರೆ ಖಾದಿಯಲ್ಲ. ಅದರ ನೂಲು ಗಿರಣಿಯಿಂದ ಬರುತ್ತದೆ. ಖಾದಿ ಅನ್ನಿಸಿಕೊಳ್ಳಲು ಕೈಮಗ್ಗವಷ್ಟೇ ಸಾಲದು, ನೂಲನ್ನೂ ಕೈಯಲ್ಲೇ ತೆಗೆದಿರಬೇಕು.

ಇಷ್ಟು ಸರಳವಾದ ವ್ಯತ್ಯಾಸದ ಸುತ್ತ ಈಗ ಎಷ್ಟೊಂದು ಪ್ರಶ್ನೆ ಸೇರಿಕೊಂಡಿವೆ. ಸೋಲಾರ್ ಚರಕದ ನೂಲು ಕೈನೂಲೋ ಅಲ್ಲವೋ? ಪಾಲಿಯೆಸ್ಟರ್ ಬೆರೆಸಿ ನೂತದ್ದನ್ನು ಏನೆಂದು ಕರೆಯಬೇಕು? ರಾಷ್ಟ್ರಧ್ವಜ ಖಾದಿಯದೇ ಆಗಿರಬೇಕೋ ಬೇಡವೋ? ಇವನ್ನು ಬಿಡಿಸಿಕೊಳ್ಳಲು ಮಗ್ಗವನ್ನು ಸ್ವಲ್ಪ ಹೊತ್ತು ಬಿಟ್ಟು ನೂಲಿನ ಜಾಡು ಹಿಡಿಯಬೇಕು.

ಹತ್ತಿಯ ಒಂದು ಎಳೆ ಎರಡು ಮೂರು ಸೆಂಟಿಮೀಟರ್ ಉದ್ದ, ಅಷ್ಟೆ. ಸುಮ್ನೆ ಎಳೆದರೆ ಕಿತ್ತು ಬರುತ್ತದೆ. ಎಳೆಯುತ್ತಲೇ ಹುರಿ ಕೊಟ್ಟರೆ, ಅಂದರೆ ತಿರುಚಿದರೆ, ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಅಂಟಿಲ್ಲ, ಗಂಟಿಲ್ಲ, ಬರೀ ಹುರಿ. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಹಂಜಿ, ಅಂದರೆ ಹಿಂಜಿದ ಹತ್ತಿಯ ಸುರುಳಿ, ಹಿಡಿದು ಹಿಂದೆ ಸರಿಯುತ್ತದೆ. ಹುರಿ ಕಡಿಮೆಯಾದರೆ ನೂಲು ಜಾರಿ ಕಡಿಯುತ್ತದೆ. ಜಾಸ್ತಿಯಾದರೆ ಸುತ್ತಿಕೊಂಡು ಗಂಟಾಗುತ್ತದೆ. ನಾನು ಕಲಿಯುವಾಗ ಮೊದಲ ವಾರವೆಲ್ಲ ಕಡಿದ ನೂಲೇ. ಆಮೇಲೆ ಒಂದು ಸಂಜೆ ಎಡಗೈ ತಾನಾಗಿ ಹದ ಹಿಡಿಯಿತು, ನೂಲು ಮೊಳ ದಾಟಿ ಬಂತು. ಕೈಗೆ ಅದು ಹೇಗೆ ಗೊತ್ತಾಯಿತೋ ನನಗೆ ಹೇಳಲು ಬರುವುದಿಲ್ಲ. ಯಂತ್ರ ಎಷ್ಟೇ ಬಂದರೂ ಜನ ಮತ್ತೆ ಮತ್ತೆ ಚರಕದ ಮುಂದೆ ಬಂದು ಕೂರುವುದು ಆ ಒಂದು ಗಳಿಗೆಗಾಗಿಯೇ ಎಂದು ನನಗೆ ಅನ್ನಿಸುತ್ತದೆ.

ಮೊಹೆಂಜೊದಾರೊದಲ್ಲಿ ಸಿಕ್ಕ ಹತ್ತಿ ಬಟ್ಟೆಯ ಚೂರಿನಿಂದ ಹಿಡಿದು 18ನೇ ಶತಮಾನದವರೆಗೆ ಜಗತ್ತು ಉಟ್ಟ ಬಟ್ಟೆಯೆಲ್ಲ ಕೈನೂಲಿನದೇ. ನೂಲುವ ಕೆಲಸ ನಿಧಾನದ್ದು. ಒಬ್ಬ ನೇಕಾರನ ಮಗ್ಗ ನಿಲ್ಲದೆ ನಡೆಯಬೇಕಾದರೆ ನಾಲ್ಕೈದು ಜನ ನೂಲುತ್ತಲೇ ಇರಬೇಕು. ಹೆಚ್ಚಿನವರು ಹೆಂಗಸರು. 1733ರಲ್ಲಿ ಇಂಗ್ಲೆಂಡಿನಲ್ಲಿ, ಮಗ್ಗದಲ್ಲಿ ಅಡ್ಡ ನೂಲನ್ನು ಬೇಗ ಬೇಗ ಒಯ್ಯುವ ಹಾರುವ ಲಾಳಿ ಬಂದು ನೇಯ್ಗೆ ಚುರುಕಾಯಿತು, ನೂಲಿನ ಬರ ಇನ್ನೂ ಜಾಸ್ತಿಯಾಯಿತು. 1760ರ ದಶಕದಲ್ಲಿ ಬಂದ ನೂಲುವ ಯಂತ್ರಗಳು ಆ ಬರ ನೀಗಿಸಿದವು. ಯಂತ್ರ ಮೊದಲು ನುಂಗಿದ್ದು ಮಗ್ಗವನ್ನಲ್ಲ, ಚರಕವನ್ನು.

ನಮ್ಮಲ್ಲೂ ಆಗಿದ್ದು ಅದೇ. 19ನೇ ಶತಮಾನದಲ್ಲಿ ಗಿರಣಿ ನೂಲು ಮೊದಲು ಹಡಗಿನಲ್ಲಿ ಬಂತು. ಆಮೇಲೆ ಇಲ್ಲೇ ಗಿರಣಿಗಳಾದವು. 1880ರ ದಶಕದಲ್ಲಿ ಗೋಕಾಕ ಜಲಪಾತದ ನೀರಿನ ಬಲದಿಂದಲೂ ನೂಲು ತೆಗೆಯತೊಡಗಿದರು. ಗಿರಣಿ ನೂಲು ಒಂದೇ ಸಮ, ಗಟ್ಟಿ, ಅಗ್ಗ. ನೇಕಾರರು ಅದನ್ನು ಹಿಡಿದು ಬದುಕಿಕೊಂಡರು. ಅವರನ್ನು ದೂರುವ ಹಾಗಿಲ್ಲ. ಆದರೆ ಮನೆಮನೆಯ ರಾಟೆ ಅಟ್ಟ ಸೇರಿತು. ಉಳಿದದ್ದು ಕುರುಬರ ಕಂಬಳಿಯಂಥ ಕೆಲವೇ ಕಡೆ. ಆ ಗಿಡ್ಡ, ಒರಟು ಕುರಿ ಉಣ್ಣೆಗೆ ಕೈಯೇ ಸರಿಹೋಗುತ್ತಿತ್ತು.

ಚರಕ ಎಷ್ಟು ಮರೆಯಾಗಿತ್ತೆಂದರೆ, 1915ರಲ್ಲಿ ದಕ್ಷಿಣ ಆಫ್ರಿಕಾದಿಂದ ಮರಳಿದ ಗಾಂಧೀಜಿಯೇ ಅದನ್ನು ಕಣ್ಣಾರೆ ಕಂಡಿರಲಿಲ್ಲ. ಆಶ್ರಮದಲ್ಲಿ ಮಗ್ಗ ಹಾಕಿಸಿದರು. ಅದಕ್ಕೆ ಸಿಕ್ಕಿದ್ದು ಗಿರಣಿ ನೂಲು. ಗಿರಣಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕೊನೆಗೆ ಗಂಗಾಬೆನ್ ಮಜಮುದಾರ್ ಎಂಬ ಧೈರ್ಯದ ಹೆಂಗಸು ಊರೂರು ಹುಡುಕಿ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಚರಕಗಳನ್ನು ಪತ್ತೆ ಮಾಡಿದರು. ಅವೂ ಅಟ್ಟದ ಮೇಲೇ ಇದ್ದವು. ಆ ಊರಿನವರು ಕೇಳಿದ್ದು ಎರಡೇ: ಹಂಜಿ ತಪ್ಪದೆ ತಂದುಕೊಡಿ, ನೂತದ್ದನ್ನು ಕೊಂಡುಕೊಳ್ಳಿ. ಮೊದಮೊದಲು ಹಂಜಿ ಬಂದದ್ದು ಮುಂಬೈಯ ಉಮರ್ ಸೋಬಾನಿಯವರ ಗಿರಣಿಯಿಂದ. ಇದು ಗಾಂಧೀಜಿಗೆ ಕಸಿವಿಸಿಯಾಯಿತು. ಗಿರಣಿಯ ಹಂಜಿ ಆಗಬಹುದಾದರೆ ಗಿರಣಿಯ ನೂಲು ಯಾಕೆ ಆಗಬಾರದು? ಆಮೇಲೆ ಗಂಗಾಬೆನ್ ಕೈಯಲ್ಲೇ ಹತ್ತಿ ಹಿಂಜುವ ಒಬ್ಬ ಪಿಂಜಾರರನ್ನೂ ಹುಡುಕಿದರು. ಈ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಖಾದಿಯ ಮುಂದಿನ ಜಗಳಗಳಲ್ಲೆಲ್ಲ ಇದೇ ಬೇರೆ ಬೇರೆ ರೂಪದಲ್ಲಿ ಬರುತ್ತದೆ.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ ಅದು. ನಾಲ್ಕಾಣೆ ಚಂದಾದ ಬದಲು ಸದಸ್ಯರು ತಿಂಗಳಿಗೆ 2,000 ಗಜ ಕೈನೂಲು ಕೊಡಬೇಕು ಎಂದು ಅಲ್ಲಿ ತೀರ್ಮಾನವಾಯಿತು. ವಕೀಲರು, ಜಮೀನ್ದಾರರು, ಮೇಷ್ಟ್ರುಗಳು ಹೆಂಗಸರ ಕೆಲಸ ಎಂದುಕೊಂಡಿದ್ದಕ್ಕೆ ಕೈ ಹಾಕಬೇಕಾಯಿತು. ತಾವು ನೂಲದವರು ಬೇರೆಯವರಿಂದ ನೂಲಿಸಿ ಕೊಡುವುದಕ್ಕೂ ದಾರಿಯಿತ್ತು. ಬಹಳ ಮಂದಿ ಆ ದಾರಿಯನ್ನೇ ಹಿಡಿದರು. ವರ್ಷ ತುಂಬುವ ಮೊದಲೇ ನಿಯಮ ಸಡಿಲವಾಯಿತು. ಆದರೂ ಆ ವರ್ಷ ವ್ಯರ್ಥವಾಗಲಿಲ್ಲ. 1925ರಲ್ಲಿ ಅಖಿಲ ಭಾರತ ಚರಖಾ ಸಂಘ ಹುಟ್ಟಿತು. ಸ್ವಾತಂತ್ರ್ಯ ಹೋರಾಟಗಾರ ಗಂಗಾಧರರಾವ್ ದೇಶಪಾಂಡೆಯವರು ಬೆಳಗಾವಿ ಹತ್ತಿರದ ಹುದಲಿಯಲ್ಲಿ ಖಾದಿ ಕೆಲಸ ಕಟ್ಟಿದರು. ಮೈಸೂರು ಸೀಮೆಯಲ್ಲಿ ನಂಜನಗೂಡಿನ ಹತ್ತಿರದ ಬದನವಾಳು ಖಾದಿಗೆ ಹೆಸರಾಯಿತು.

1929ರಲ್ಲಿ ಚರಖಾ ಸಂಘ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಎಂಟು ಗಂಟೆಯಲ್ಲಿ 16,000 ಗಜ ನೂಲು ತೆಗೆಯುವ ಚರಕ ಬೇಕು. ಹಗುರವಾಗಿರಬೇಕು, ಹಳ್ಳಿಯ ಮನೆಯಲ್ಲಿ ಹೆಂಗಸರು ನಡೆಸುವಂತಿರಬೇಕು, ಬೆಲೆ 150 ರೂಪಾಯಿ ಮೀರಬಾರದು. ಬಹುಮಾನ ಯಾರಿಗೂ ಸಿಗಲಿಲ್ಲ. ಆದರೆ ನನ್ನ ಪ್ರಕಾರ ಚರಕದ ಹಾದಿ ಇಲ್ಲೇ ಎರಡಾಯಿತು. ಒಂದು ಹಾದಿ ಹೊಟ್ಟೆಪಾಡಿನದು: ಕೂಲಿ ಗಿಟ್ಟಬೇಕು, ಅದಕ್ಕೆ ವೇಗ ಬೇಕು. ಇನ್ನೊಂದು, ಗಾಂಧೀಜಿ ಯರವಾಡ ಜೈಲಿನಲ್ಲಿದ್ದಾಗ ರೂಪ ಪಡೆದ ಪೆಟ್ಟಿಗೆ ಚರಕದ್ದು: ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು, ದಿನಕ್ಕೆ ಅರ್ಧ ಗಂಟೆ ಮನಸ್ಸಿಟ್ಟು ನೂಲಬಹುದು. ಎರಡೂ ಸರಿಯೇ. ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ ಗೊಂದಲವಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಮೊದಲ ಹಾದಿಗೆ ಸರ್ಕಾರದ ಬಲ ಬಂತು. 1956ರ ಕಾಯ್ದೆ ಖಾದಿ ಎಂದರೇನು ಎಂದು ಬರೆದಿಟ್ಟಿತು. ಭಾರತದಲ್ಲಿ ಕೈಯಲ್ಲಿ ನೂತ ಹತ್ತಿ, ರೇಷ್ಮೆ ಅಥವಾ ಉಣ್ಣೆಯ ನೂಲಿನಿಂದ ಕೈಮಗ್ಗದಲ್ಲಿ ನೇಯ್ದ ಬಟ್ಟೆ ಖಾದಿ. ಅದೇ ಹೊತ್ತಿಗೆ ಅಂಬರ ಚರಕ ಬಂತು. ತಮಿಳುನಾಡಿನ ಏಕಾಂಬರನಾಥನ್ ಅದನ್ನು ರೂಪಿಸಿದವರು. ನೂಲಿಗೆ ಹುರಿ ಕೊಟ್ಟು ಸುತ್ತಿಕೊಳ್ಳುವ ಕಡ್ಡಿಯೇ ಕದಿರು; ಒಂದು ಕದಿರಿನ ಜಾಗದಲ್ಲಿ ನಾಲ್ಕು, ಆಮೇಲೆ ಆರು, ಎಂಟು. ಕೈ ಹಿಡಿಕೆಯನ್ನು ತಿರುಗಿಸುತ್ತದೆ, ಎಳೆಯುವುದು, ಹುರಿ ಕೊಡುವುದು, ಸುತ್ತುವುದು ಎಲ್ಲ ಚರಕದ್ದೇ ಕೆಲಸ. ಗಿರಣಿಯ ಯಂತ್ರವನ್ನೇ ಮನೆಯೊಳಗೆ ಹಿಡಿಸುವಷ್ಟು ಚಿಕ್ಕದು ಮಾಡಿದ ಹಾಗೆ.

ಇದರಿಂದ ಸಾವಿರಾರು ಹೆಂಗಸರ ಕೈಗೆ ನಾಲ್ಕು ಕಾಸು ಬಂತು. ಅದನ್ನು ಕಡಿಮೆ ಮಾಡಿ ಹೇಳಲಾರೆ. ಆದರೆ ಅಂಬರ ಚರಕಕ್ಕೆ ಕೈಯಲ್ಲಿ ಹಿಂಜಿದ ಹಂಜಿ ಆಗುವುದಿಲ್ಲ. ಒಂದೇ ದಪ್ಪದ, ಒಂದೇ ಸಮದ ಹತ್ತಿಯ ಬತ್ತಿ ಬೇಕು. ಆ ಬತ್ತಿ ಮಾಡುವ ಕಾರ್ಖಾನೆಗಳು ದೇಶದ ಕೆಲವೇ ಕಡೆ ಆದವು. ನಮ್ಮ ಚಿತ್ರದುರ್ಗದಲ್ಲೂ ಒಂದು ಇದೆ. ಊರಿನ ಹೊಲದಲ್ಲಿ ಬಿಡಿಸಿದ ಹತ್ತಿಗೂ ಅದೇ ಊರಿನ ಚರಕಕ್ಕೂ ಸಂಬಂಧ ಉಳಿಯಲಿಲ್ಲ. ಪಿಂಜಾರರ ಬಿಲ್ಲಿನ ಸದ್ದು ನಿಂತಿತು.

ಹತ್ತಿಯೂ ಬದಲಾಯಿತು. ಗಿರಣಿಗೆ ಉದ್ದ ಎಳೆ ಬೇಕು. 1972ರಲ್ಲಿ ಧಾರವಾಡದಿಂದಲೇ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಬಂತು, 2002ರಲ್ಲಿ ಕುಲಾಂತರಿ ಬಿಟಿ ಹತ್ತಿ ಬಂತು. ಕೈಗೆ ಹೊಂದುವ, ಮಳೆ ನೀರಿನಲ್ಲೇ ಬೆಳೆಯುವ ಜಯಧರದಂಥ ನಾಟಿ ಹತ್ತಿ ಮೂಲೆಗೆ ಸರಿಯಿತು. 1985ರಲ್ಲಿ ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯ್ದೆ ಆಯಿತು. ಒಳ್ಳೆಯದೇ ಆಯಿತು. ಆದರೆ ಅದು ಕಾಯುವುದು ಮಗ್ಗವನ್ನು ಮಾತ್ರ, ನೂಲು ಎಲ್ಲಿಂದ ಬಂತೆಂದು ಕೇಳುವುದಿಲ್ಲ.

ಇಷ್ಟು ತಿಳಿದರೆ ಈಗಿನ ಜಗಳಗಳು ಅರ್ಥವಾಗುತ್ತವೆ. ಪಾಲಿಯೆಸ್ಟರ್ ಬೆರೆಸಿ ನೂತದ್ದು ಪಾಲಿವಸ್ತ್ರವಾಗಿ ಖಾದಿ ಭಂಡಾರದಲ್ಲೇ ಮಾರಾಟವಾಗುತ್ತದೆ. 2018ರಲ್ಲಿ ಸೋಲಾರ್ ಚರಕದ ಯೋಜನೆ ಶುರುವಾಯಿತು. ಅಲ್ಲಿ ಚಕ್ರ ತಿರುಗಿಸುವುದು ಮೋಟಾರು. ಹೆಂಗಸರ ತೋಳು ನೋವು ತಪ್ಪುತ್ತದೆ, ಗಳಿಕೆಯೂ ಏರುತ್ತದೆ ಎನ್ನುತ್ತಾರೆ ಒಬ್ಬರು. ಹಾಗಾದರೆ ಕೈನೂಲು ಎಂಬ ಮಾತಿಗೆ ಅರ್ಥವೇನು ಎನ್ನುತ್ತಾರೆ ಇನ್ನೊಬ್ಬರು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ತಿದ್ದುಪಡಿಯಾಗಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ಹೊಲಿಯುವವರಿಗೆ, ಅದಕ್ಕಾಗಿ ಧಾರವಾಡ ಹತ್ತಿರದ ಗರಗದ ಕಡೆ ನೂತು ನೇಯುವವರಿಗೆ ಅದು ದೊಡ್ಡ ಪೆಟ್ಟು.

ಈ ವಾದಗಳಲ್ಲಿ ಕೂಲಿಯ ಮಾತು ಬರುವುದು ಕಡಿಮೆ. ಸಾವಿರ ಮೀಟರಿನ ಒಂದು ಲಡಿಗೆ 2023ರ ಮಾರ್ಚ್‌ವರೆಗೆ ಇದ್ದ ಕೂಲಿ ಏಳೂವರೆ ರೂಪಾಯಿ. ಆಮೇಲೆ 10 ಆಯಿತು, 2024ರ ಅಕ್ಟೋಬರಿನಲ್ಲಿ ಹನ್ನೆರಡೂವರೆ. ಆ ಲೆಕ್ಕದಲ್ಲಿ ದಿನಕ್ಕೆ 20 ಲಡಿ, ಅಂದರೆ 20 ಕಿಲೋಮೀಟರ್ ನೂಲು ತೆಗೆದರೂ ಆಗ ಸಿಗುತ್ತಿದ್ದದ್ದು 250 ರೂಪಾಯಿ. ಇಷ್ಟಕ್ಕೆ ಯಾವ ತಾಯಿ ತಾನೇ ಮಗಳನ್ನು ಚರಕದ ಮುಂದೆ ಕೂರಿಸುತ್ತಾಳೆ? ಮೋಟಾರು ಬೇಕೇ ಬೇಡವೇ ಎನ್ನುವ ಮೊದಲು ಈ ದರ ಯಾಕಿಷ್ಟು ಕಡಿಮೆ ಎಂದು ಕೇಳಬೇಕಿತ್ತು, ಅಲ್ವಾ?

ಇತ್ತ ಎರಡನೇ ಹಾದಿಯಲ್ಲಿ ಮತ್ತೆ ಜನ ಕಾಣುತ್ತಿದ್ದಾರೆ. ಕೂಲಿಗಲ್ಲ, ಇಷ್ಟಕ್ಕೆ. ಇಡೀ ದಿನ ಕಂಪ್ಯೂಟರ್ ಮುಂದೆ ಕೂತವರು ಸಂಜೆ ತಕಲಿ, ಅಂದರೆ ಕೈಯಲ್ಲೇ ತಿರುಗಿಸಿ ನೂಲುವ ಕಡ್ಡಿ, ಹಿಡಿಯುತ್ತಾರೆ. ನಿವೃತ್ತರಾದವರು ಪೆಟ್ಟಿಗೆ ಚರಕ ತರಿಸಿಕೊಳ್ಳುತ್ತಾರೆ. ತಾವೇ ನೂತ ನೂಲಿನಲ್ಲಿ ಒಂದು ಟವೆಲ್ ನೇಯಿಸಿಕೊಂಡವರ ಮುಖ ನೀವು ನೋಡಬೇಕು. ನನಗೆ ಪರಿಚಯದ ಒಬ್ಬರು ಅದನ್ನು ಒಂದು ದಿನವೂ ಬಳಸಿಲ್ಲ. ಬಂದವರಿಗೆಲ್ಲ ಮುಟ್ಟಿ ನೋಡಲು ಕೊಡುತ್ತಾರೆ, ಅಷ್ಟೆ.

ಕಲಿಯಲು ಬಂದವರಿಗೆ ಚರಕ ಸಿಗುತ್ತದೆ. ಹೇಳಿಕೊಡುವವರೂ ಸಿಗುತ್ತಾರೆ. ಹದಿನೈದು ದಿನ ಕಳೆದು ತಂದಿದ್ದ ಹತ್ತಿ ಮುಗಿದ ಮೇಲೆ ಎಲ್ಲರೂ ಫೋನ್ ಮಾಡುತ್ತಾರೆ. ವಿಜಾಪುರದ ಹೆಂಗಸರು ಗಂಗಾಬೆನ್ ಹತ್ತಿರ ಕೇಳಿದ್ದನ್ನೇ ಕೇಳುತ್ತಾರೆ: ಒಳ್ಳೆಯ ಹಂಜಿ ಎಲ್ಲಿ ಸಿಗುತ್ತದೆ?