ಪದ ಪರಿಚಯ: ಸಹಾಯಾರ್ಥ ಕೂಪನ್

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಬದಿಯಡ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಇಬ್ಬರು ಹುಡುಗರು ಬಂದರು. ಕೈಯಲ್ಲಿ ಪಿನ್ ಹೊಡೆದ ಪುಟ್ಟ ಪುಸ್ತಕ. "ಅಣ್ಣಾ, ಒಂದು ಕೂಪನ್ ತೆಗೊಳ್ಳಿ, ಐವತ್ತೇ ರೂಪಾಯಿ. ಕ್ಲಬ್ಬಿನಿಂದ ಒಬ್ಬರ ಆಪರೇಷನ್ನಿಗೆ." ಎಡಗಡೆಯ ತುಂಡಿನಲ್ಲಿ ನನ್ನ ಹೆಸರು, ಫೋನ್ ನಂಬರ್ ಬರೆದುಕೊಂಡರು. ಬಲಗಡೆಯದನ್ನು ಹರಿದು ಕೊಟ್ಟರು. ಪ್ರಥಮ ಸ್ಕೂಟರ್, ದ್ವಿತೀಯ ಫ್ರಿಜ್, ತೃತೀಯ ಮಿಕ್ಸಿ, ಮತ್ತೆ ಹತ್ತು ಸಮಾಧಾನಕರ ಬಹುಮಾನ. ಡ್ರಾ ಯಕ್ಷಗಾನದ ರಾತ್ರಿ.

ಇದಕ್ಕೆ ಲಕ್ಕಿ ಕೂಪನ್, ಅದೃಷ್ಟ ಚೀಟಿ, ಸುಮ್ನೆ ಕೂಪನ್ ಅಂತ ಹಲವು ಹೆಸರು. ಇಂಗ್ಲಿಷಿನವರಿಗೆ ಇದು ರಾಫಲ್. ಲಾಟರಿಗೆ ಮಲಯಾಳದಲ್ಲಿ ಭಾಗ್ಯಕ್ಕುರಿ ಎನ್ನುತ್ತಾರೆ. ಅಲ್ಲಿ ಕುರಿ ಅಂದರೆ ಚೀಟಿ. ಕನ್ನಡ ಶಾಲೆಯಲ್ಲಿ ಕಲಿತ ನಾನು ಚಿಕ್ಕಂದಿನಲ್ಲಿ ಗೆದ್ದವರಿಗೆ ಕುರಿ ಕೊಡುತ್ತಾರೆ ಅಂತಲೇ ತಿಳಿದಿದ್ದೆ.

ಕಾನೂನು ಮಾತ್ರ ಹೆಸರಿಗೆ ತಲೆಕೆಡಿಸಿಕೊಳ್ಳುವುದಿಲ್ಲ. 1998ರ ಲಾಟರಿ ನಿಯಂತ್ರಣ ಕಾಯ್ದೆಯ ಪ್ರಕಾರ ಯಾವ ರೂಪದಲ್ಲೇ ಇರಲಿ, ಏನೇ ಹೆಸರಿಡಲಿ, ಟಿಕೆಟ್ ಕೊಂಡವರಿಗೆ ಅದೃಷ್ಟದ ಮೇಲೆ ಬಹುಮಾನ ಹಂಚಿದರೆ ಅದು ಲಾಟರಿ. ದುಡ್ಡು, ಅದೃಷ್ಟ, ಬಹುಮಾನ ಮೂರೂ ಸೇರಿದರೆ ಮುಗಿಯಿತು. ದುಡ್ಡು ಆಪರೇಷನ್ನಿಗೆ ಹೋಗುತ್ತದೋ ಭಜನಾ ಮಂದಿರದ ಮಾಡಿಗೆ ಹೋಗುತ್ತದೋ ಎಂಬ ಪ್ರಶ್ನೆ ಆ ವ್ಯಾಖ್ಯೆಯಲ್ಲಿ ಇಲ್ಲವೇ ಇಲ್ಲ.

ನಮ್ಮ ಗಡಿಯ ಜನಕ್ಕೆ ಇಲ್ಲೇ ಗಲಿಬಿಲಿ. 2007ರಿಂದ ಕರ್ನಾಟಕದಲ್ಲಿ ಲಾಟರಿಗೆ ನಿಷೇಧ. ತಲಪಾಡಿ ಗಡಿ ದಾಟಿ ಈಚೆ ಕೇರಳಕ್ಕೆ ಬಂದರೆ ಮಂಜೇಶ್ವರ, ಉಪ್ಪಳ ಎಲ್ಲೆಲ್ಲೂ ಟಿಕೆಟ್ ನೇತಾಡುತ್ತಿರುತ್ತದೆ. ಹಾಗಾದರೆ ಕೇರಳದಲ್ಲಿ ಯಾರು ಬೇಕಾದರೂ ಡ್ರಾ ಮಾಡಬಹುದು ಅಂತ ಎಷ್ಟೋ ಜನ ನಂಬಿದ್ದಾರೆ. ನಿಜ ಉಲ್ಟಾ. 1967ರಲ್ಲಿ ಕೇರಳ ಖಾಸಗಿ ಲಾಟರಿಗಳನ್ನು ನಿಲ್ಲಿಸಿ ತಾನೇ ಲಾಟರಿ ಶುರುಮಾಡಿತು. ಟಿಕೆಟ್ಟಿಗೆ ಒಂದು ರೂಪಾಯಿ, ಪ್ರಥಮ ಬಹುಮಾನ 50,000. ಮೊದಲ ಡ್ರಾ 1968ರ ಜನವರಿ 26ಕ್ಕೆ. ಅಂದರೆ ಅಂಗಡಿ ಸರ್ಕಾರದ್ದು, ಪಕ್ಕದಲ್ಲಿ ಇನ್ನೊಂದು ಅಂಗಡಿ ಇಡುವ ಹಾಗಿಲ್ಲ.

ಇಟ್ಟರೆ? ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಇದೆ. ಹಳೆಯ ದಂಡ ಸಂಹಿತೆಯ 294ಎ ಕಲಮಿನ ಹೊಸ ಅವತಾರ. ರಾಜ್ಯದ ಲಾಟರಿಯೂ ಅಲ್ಲದ, ರಾಜ್ಯ ಸರ್ಕಾರ ಒಪ್ಪಿಗೆ ಕೊಟ್ಟದ್ದೂ ಅಲ್ಲದ ಲಾಟರಿಯ ಡ್ರಾಕ್ಕೆ ಜಾಗ ಇಟ್ಟುಕೊಂಡರೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅದರ ಪ್ರಚಾರ ಮಾಡಿದರೂ 5,000 ರೂಪಾಯಿವರೆಗೆ ದಂಡ. ವಾಟ್ಸಾಪಿನಲ್ಲಿ ಪೋಸ್ಟರ್ ಹಂಚುವವರು ಇದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

"ಕೂಪನ್ ಮಾರುತ್ತಿಲ್ಲ, ದೇಣಿಗೆ ಕೊಟ್ಟವರಿಗೆ ಫ್ರೀ ಕೊಡುತ್ತೇವೆ" ಅಂತ ಬರೆದುಕೊಳ್ಳುವ ಉಪಾಯವೂ ಇದೆ. ದೇಣಿಗೆ ಕೊಡದವನಿಗೆ ಕೂಪನ್ ಸಿಗುತ್ತದಾ? ಸಿಗದಿದ್ದರೆ ಅದು ಮಾರಾಟವೇ ಅಲ್ವಾ?

ಬೇರೆ ಕಡೆ ಇದಕ್ಕೆ ಬಾಗಿಲು ಮುಚ್ಚಿಲ್ಲ, ಬಾಗಿಲಲ್ಲಿ ಲೆಕ್ಕ ಕೇಳುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಾಭಕ್ಕಲ್ಲದ ಸಂಸ್ಥೆ ರಾಫಲ್ ಮಾಡಬಹುದು. ಆದರೆ ಮೊದಲೇ ಅಟಾರ್ನಿ ಜನರಲ್ ಇಲಾಖೆಯಲ್ಲಿ ನೋಂದಣಿ ಆಗಬೇಕು, ಟಿಕೆಟ್ ಮಾರಿದ ದುಡ್ಡಿನಲ್ಲಿ ಸೇ. 90 ಸತ್ಕಾರ್ಯಕ್ಕೇ ಹೋಗಬೇಕು. ಬ್ರಿಟನ್ನಿನಲ್ಲಿ ಸೇ. 20 ಹೋದರೆ ಸಾಕು. ಸಣ್ಣ ಡ್ರಾ ಆದರೆ ಊರಿನ ಕೌನ್ಸಿಲಿನಲ್ಲಿ ನೋಂದಣಿ. ಒಂದೇ ಡ್ರಾದಲ್ಲಿ 20,000 ಪೌಂಡಿಗಿಂತ ಜಾಸ್ತಿ ಟಿಕೆಟ್ ಹೋಗುವುದಿದ್ದರೆ ಗ್ಯಾಂಬ್ಲಿಂಗ್ ಕಮಿಷನ್ನಿನ ಲೈಸೆನ್ಸ್. ಟಿಕೆಟ್ಟಿನ ಮೇಲೆ ಸಂಸ್ಥೆಯ ಹೆಸರು, ಬೆಲೆ, ಡ್ರಾದ ದಿನ ಇರಲೇಬೇಕು. ಸೇ. 90 ನನಗೆ ಸ್ವಲ್ಪ ಬಿಗಿ ಅನಿಸಿತು. ಸ್ಕೂಟರನ್ನೂ ಯಾರಾದರೂ ದಾನವಾಗಿ ಕೊಟ್ಟರೆ ಮಾತ್ರ ಆ ಲೆಕ್ಕ ಕೂಡೀತು. ಸೇ. 20 ಮಾತ್ರ ತೀರಾ ಸಡಿಲ. ಐವತ್ತು ಕೊಟ್ಟರೆ ರೋಗಿಗೆ ಹತ್ತು!

ನನ್ನ ಕೂಪನ್ ಇನ್ನೂ ಪರ್ಸಿನಲ್ಲೇ ಇದೆ. ಡ್ರಾದ ದಿನಾಂಕವನ್ನು ಪೆನ್ನಿನಲ್ಲಿ ಎರಡು ಸಲ ತಿದ್ದಿದ್ದಾರೆ. ಯಕ್ಷಗಾನ ಮುಗಿದು ಮದ್ದಳೆಯವರೂ ಮನೆಗೆ ಹೋದ ಮೇಲೆ ಹುಡುಗರಿಗೆ ಫೋನ್ ಮಾಡಿದೆ. "ಪುಸ್ತಕ ಪೂರ್ತಿ ಮಾರಿ ಆಗಲಿಲ್ಲ ಅಣ್ಣಾ, ಡ್ರಾ ಮುಂದೆ ಹಾಕಿದ್ದೇವೆ" ಅಂದರು. ಆಪರೇಷನ್ ಆಯ್ತಾ ಅಂತ ಕೇಳಿದೆ. ಅದು ಆಗಿ ಎರಡು ತಿಂಗಳಾಗಿತ್ತಂತೆ.