ವಾಸಿಯಾಗಲು ಬಿಡದ ಗಾಯ

ಔಷಧಿ ಅಂತ ಮಾರುವ ಪಿತ್ತರಸಕ್ಕಾಗಿ ಕರಡಿ ಸಾಕುವ ದಂಧೆ ಪೂರ್ವ ಏಷ್ಯಾದಲ್ಲಿ 1980ರ ದಶಕದಿಂದ ನಡೆದಿದೆ. ಇದಕ್ಕೆ ಹೆಚ್ಚಾಗಿ ಸಿಕ್ಕಿಬೀಳುವುದು ಏಷ್ಯಾದ ಕಪ್ಪು ಕರಡಿ. ಎದೆಯ ಮೇಲೆ ಅರ್ಧಚಂದ್ರದಂಥ ಪಟ್ಟೆ ಇರುವುದರಿಂದ ಚಂದ್ರ ಕರಡಿ ಅಂತಲೂ ಅದನ್ನು ಕರೆಯುತ್ತಾರೆ.

ಪಂಜರ ದೊಡ್ಡದು ಮಾಡಿ, ಒಳ್ಳೆ ಊಟ ಕೊಟ್ಟು ಸಾಕಿದರೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಕಾಗುವುದಿಲ್ಲ. ಚೀನಾದಲ್ಲಿ ಕಾನೂನು ಒಪ್ಪಿರುವ ವಿಧಾನವನ್ನೇ ನೋಡಿ. ಕರಡಿಯ ಹೊಟ್ಟೆಯಿಂದ ಪಿತ್ತಕೋಶದವರೆಗೆ ಒಂದು ತೂತು ಮಾಡುತ್ತಾರೆ. ರಸ ಅಲ್ಲಿಂದ ತೊಟ್ಟಿಕ್ಕಬೇಕು. ಆದರೆ ಯಾವ ದೇಹವೂ ತೂತನ್ನು ಹಾಗೇ ಬಿಡುವುದಿಲ್ಲ. ಅಂಚಿನಿಂದ ಹೊಸ ಮಾಂಸ ಬೆಳೆದು ಗಾಯ ಮುಚ್ಚಲು ನೋಡುತ್ತದೆ. ಮುಚ್ಚಿದರೆ ರಸ ನಿಂತಿತು. ಹಾಗಾಗಿ ಮತ್ತೆ ಮತ್ತೆ ಚುಚ್ಚಿ ತೆರೆಯುತ್ತಾರೆ. ಅದೇ ದಾರಿಯಲ್ಲಿ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ, ಪಿತ್ತರಸ ಹೊಟ್ಟೆಯೊಳಗೇ ಸೋರುತ್ತದೆ. ಬಿಡಿಸಿ ತಂದ ಕರಡಿಗಳ ಹೊಟ್ಟೆ ತೆರೆದ ವೈದ್ಯರಿಗೆ ದಪ್ಪಗಟ್ಟಿದ ಪಿತ್ತಕೋಶ, ಕಲ್ಲು, ಕೀವು, ಕೆಲವದರಲ್ಲಿ ಲಿವರ್ ಕ್ಯಾನ್ಸರ್ ಕೂಡ ಕಂಡಿದೆ. ಅಂಥ ರೋಗಿಷ್ಠ ಪ್ರಾಣಿಯ ರಸವನ್ನೇ ಔಷಧಿ ಅಂತ ಮಾರುವುದು!

ವಿಯೆಟ್ನಾಂನಲ್ಲಿ ತೂತಿನ ಬದಲು ಸೂಜಿ. ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟು, ಅಲ್ಟ್ರಾಸೌಂಡ್‌ನಲ್ಲಿ ಪಿತ್ತಕೋಶ ಹುಡುಕಿ, ಉದ್ದ ಸೂಜಿ ಚುಚ್ಚಿ ರಸ ಎಳೆಯುತ್ತಾರೆ. ಉಳಿದ ಹೊತ್ತೆಲ್ಲ ಕರಡಿ ಕಬ್ಬಿಣದ ಸರಳು ಕಚ್ಚುತ್ತಾ ಹಲ್ಲು ಮುರಿದುಕೊಳ್ಳುತ್ತದೆ. ಗಂಟೆಗಟ್ಟಲೆ ತಲೆ ತೂಗುತ್ತಾ ನಿಲ್ಲುತ್ತದೆ. ಮರ ಹತ್ತುವ, ಮೈಲಿಗಟ್ಟಲೆ ಅಲೆಯುವ ಪ್ರಾಣಿ ಅದು.

ಈ ರಸದಲ್ಲಿ ಔಷಧಿ ಗುಣ ಇರುವುದೇನೋ ನಿಜ. ಅರ್ಸೊಡಿಆಕ್ಸಿಕೋಲಿಕ್ ಆಮ್ಲ ಎಂಬ ಅಂಶ ಕೆಲವು ಬಗೆಯ ಪಿತ್ತಕಲ್ಲುಗಳನ್ನು ಕರಗಿಸುತ್ತದೆ, ಕೆಲವು ಲಿವರ್ ಕಾಯಿಲೆಗಳಿಗೂ ಬೇಕು. ಜಪಾನಿನವರು 1927ರಲ್ಲಿ ಅದನ್ನು ಕರಡಿ ಪಿತ್ತರಸದಿಂದ ಬೇರ್ಪಡಿಸಿದರು. 1950ರ ದಶಕದಲ್ಲಿ ಪ್ರಯೋಗಾಲಯದಲ್ಲೇ ತಯಾರಿಸಿದರು. ಇವತ್ತು ನಮ್ಮೂರಿನ ಮೆಡಿಕಲ್ ಶಾಪ್‌ಗಳಲ್ಲೂ ಆ ಮಾತ್ರೆ ಸಿಗುತ್ತದೆ. ಅದಕ್ಕೆ ಬೇಕಾದ ಕಚ್ಚಾವಸ್ತು ಹೆಚ್ಚಾಗಿ ಮಾಂಸಕ್ಕೆ ಕಡಿದ ದನಗಳ ಪಿತ್ತರಸದಿಂದ ಬರುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಜೀವಂತ ಕರಡಿಯನ್ನು ವರ್ಷಗಟ್ಟಲೆ ಹಿಂಸಿಸುವ ಅಗತ್ಯ ಯಾವ ರೋಗಿಗೂ ಇಲ್ಲ.

ವಿಯೆಟ್ನಾಂನಲ್ಲಿ 2005ರ ಸುಮಾರಿಗೆ 4,000ಕ್ಕೂ ಹೆಚ್ಚು ಕರಡಿಗಳು ಇಂಥ ಪಂಜರಗಳಲ್ಲಿದ್ದವು. ಈ ದಂಧೆಯನ್ನೇ ಮುಗಿಸಲು 2017ರಲ್ಲಿ ಅಲ್ಲಿನ ಸರ್ಕಾರ ಅನಿಮಲ್ಸ್ ಏಷ್ಯಾ ಎಂಬ ಪ್ರಾಣಿ ರಕ್ಷಣಾ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಈಗ ಅಲ್ಲಿ ಉಳಿದಿರುವವು ತೀರಾ ಕಡಿಮೆ. ದಕ್ಷಿಣ ಕೊರಿಯಾ ಕೂಡ 2026ರ ಜನವರಿಯಿಂದ ನಿಷೇಧ ತರುವ ಕಾನೂನು ಮಾಡಿತು. ಆದರೆ ಚೀನಾದಲ್ಲಿ ಇದು ಇನ್ನೂ ಕಾನೂನುಬದ್ಧ ವ್ಯಾಪಾರ. 2020ರ ಮಾರ್ಚ್‌ನಲ್ಲಿ ಅಲ್ಲಿನ ಆರೋಗ್ಯ ಆಯೋಗ ಕೋವಿಡ್ ಚಿಕಿತ್ಸೆಯ ಪಟ್ಟಿಯಲ್ಲಿ ಕರಡಿ ಪಿತ್ತರಸ ಇರುವ ಇಂಜೆಕ್ಷನ್ನನ್ನೂ ಸೇರಿಸಿತು.