ಪಟ್ಟಿಯಲ್ಲಿ ಎರಡು, ಲೆಕ್ಕದಲ್ಲಿ ಮೂರು: ಎರ್ನಿ ಪಿಗೊಟ್ ಗೆದ್ದ ನ್ಯಾಷನಲ್‌ಗಳು

ಇಂಗ್ಲೆಂಡಿನ ಜಾಕಿ, ಅಂದರೆ ರೇಸ್ ಕುದುರೆ ಸವಾರ ಎರ್ನಿ ಪಿಗೊಟ್, ಗ್ರ್ಯಾಂಡ್ ನ್ಯಾಷನಲ್ ಎಂಬ ಕುದುರೆ ರೇಸ್ ಗೆದ್ದಿದ್ದು ಎರಡು ಸಲವೋ, ಮೂರು ಸಲವೋ? ನೂರು ವರ್ಷ ದಾಟಿದರೂ ಈ ತಕರಾರು ಮುಗಿದಿಲ್ಲ. 1912ರಲ್ಲಿ ಜೆರ್ರಿ ಎಂ ಎಂಬ ಕುದುರೆ ಮೇಲೆ, 1919ರಲ್ಲಿ ಪೊಯೆತ್ಲಿನ್ ಮೇಲೆ. ಈ ಎರಡರ ಬಗ್ಗೆ ಯಾರೂ ತಗಾದೆ ತೆಗೆಯುವುದಿಲ್ಲ. ಜಗಳ ಇರುವುದು 1918ರ ಗೆಲುವಿನ ಬಗ್ಗೆ. ಆ ರೇಸ್ ನಡೆಯಿತು, ಪಿಗೊಟ್ ಗೆದ್ದರು, ಕುದುರೆ ಪೊಯೆತ್ಲಿನ್ನೇ. ಆದರೂ ಬಹಳಷ್ಟು ಪಟ್ಟಿಗಳಲ್ಲಿ ಅದು ಇಲ್ಲ.

ಬೆಂಗಳೂರು, ಮೈಸೂರಿನಲ್ಲಿ ನಾವು ನೋಡುವುದು ಫ್ಲಾಟ್ ರೇಸ್. ಸಮತಟ್ಟಾದ ಹುಲ್ಲಿನ ಮೇಲೆ ಒಂದೆರಡು ನಿಮಿಷದ ಓಟ, ಅಷ್ಟೆ. ಪಿಗೊಟ್ ಇದ್ದಿದ್ದು ಬೇರೆಯೇ ಲೋಕದಲ್ಲಿ. ಅಲ್ಲಿ ಕುದುರೆ ಬೇಲಿ ಹಾರಬೇಕು, ಹಳ್ಳ ದಾಟಬೇಕು. ಗ್ರ್ಯಾಂಡ್ ನ್ಯಾಷನಲ್ ಅಂದರೆ ಅದರಲ್ಲೇ ದೊಡ್ಡದು. ಇಂಗ್ಲೆಂಡಿನ ಲಿವರ್‌ಪೂಲ್ ಪಕ್ಕದ ಏಂಟ್ರಿಯಲ್ಲಿ ಎರಡು ಸುತ್ತು, ಮೂವತ್ತು ಬೇಲಿ, ಆಗಿನ ಅಳತೆಯಲ್ಲಿ ಏಳು ಕಿಲೋಮೀಟರಿಗೂ ಜಾಸ್ತಿ. ಬೀಚರ್ಸ್ ಬ್ರೂಕ್ ಎಂಬ ಬೇಲಿ-ಹಳ್ಳದಂಥ ಜಾಗದಲ್ಲಿ ಹಾರುವ ಕಡೆಗಿಂತ ಇಳಿಯುವ ಕಡೆ ನೆಲ ತಗ್ಗು. ಕುದುರೆಗೆ ಅದು ಮೊದಲೇ ಕಾಣುವುದಿಲ್ಲ. ಹಾರಿದ ಮೇಲೆ, ಅಯ್ಯೋ, ಕಾಲಿಗೆ ಇನ್ನೂ ನೆಲ ಸಿಕ್ಕಿಲ್ಲ!

ಪಿಗೊಟ್ ಅಲ್ಲಿನ ಪಳಗಿದ ಕೈ. 1910, 1913 ಮತ್ತು 1915ರಲ್ಲಿ ಬ್ರಿಟನ್ನಿನ ಚಾಂಪಿಯನ್ ಜಂಪ್ ಜಾಕಿ ಅವರೇ. ಅಂದರೆ ಆ ವರ್ಷ ಎಲ್ಲರಿಗಿಂತ ಹೆಚ್ಚು ರೇಸ್ ಗೆದ್ದವರು. ಹೆಂಡತಿ ಮಾರ್ಗರೆಟ್, ಕ್ಯಾನನ್ ಮನೆತನದವರು. ಆಕೆಯ ಅಣ್ಣತಮ್ಮಂದಿರಲ್ಲಿ ಮಾರ್ನಿಂಗ್ಟನ್, ಕೆಂಪ್ಟನ್ ಇಬ್ಬರೂ ಇಂಗ್ಲೆಂಡಿನ ಹೆಸರಾಂತ ಫ್ಲಾಟ್ ರೇಸ್ ಆದ ಡರ್ಬಿ ಗೆದ್ದ ಜಾಕಿಗಳು. ಅಳಿಯ, ಭಾವ, ಮಾವ ಎಲ್ಲರೂ ಕುದುರೆ ಲಾಯದವರೇ ಆದ ಕುಟುಂಬ ಅದು.

1912ರ ಗೆಲುವಿನಲ್ಲಿ ಗಮನಿಸಬೇಕಾದದ್ದು ಭಾರ. ನ್ಯಾಷನಲ್ ಒಂದು ಹ್ಯಾಂಡಿಕ್ಯಾಪ್ ರೇಸ್. ಒಳ್ಳೆ ಕುದುರೆಗೆ ಜಾಸ್ತಿ ಭಾರ ಹೊರಿಸುತ್ತಾರೆ, ಸುಮಾರಾದದ್ದಕ್ಕೆ ಕಡಿಮೆ. ಜಾಕಿ ಮತ್ತು ತಡಿಯ ತೂಕ ಸಾಲದಿದ್ದರೆ ಸೀಸದ ತಗಡು ಸೇರಿಸಿ ಸರಿಮಾಡುತ್ತಾರೆ. ಜೆರ್ರಿ ಎಂ ಹೊತ್ತಿದ್ದು 12 ಸ್ಟೋನ್ 7 ಪೌಂಡ್, ಹತ್ತಿರ ಹತ್ತಿರ 79 ಕಿಲೋ. ಅಷ್ಟು ಹೊತ್ತು ನ್ಯಾಷನಲ್ ಗೆದ್ದ ಕುದುರೆಗಳು ಇತಿಹಾಸದಲ್ಲೇ ನಾಲ್ಕು: ಕ್ಲಾಯ್ಸ್ಟರ್, ಮ್ಯಾನಿಫೆಸ್ಟೊ, ಜೆರ್ರಿ ಎಂ, ಪೊಯೆತ್ಲಿನ್. ಕೊನೆಯ ಎರಡರ ಮೇಲೂ ಕೂತಿದ್ದು ಪಿಗೊಟ್. ನನ್ನ ಪ್ರಕಾರ ಎರಡೋ ಮೂರೋ ಅನ್ನುವುದಕ್ಕಿಂತ ಇದು ದೊಡ್ಡ ಮಾತು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. 1915ರ ಮಾರ್ಚ್‌ನಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ಏಂಟ್ರಿಯಲ್ಲಿ ರೇಸ್ ನಡೆದಿತ್ತು. ಆಲಿ ಸ್ಲೋಪರ್ ಎಂಬ ಕುದುರೆ ಮೇಲೆ ಜ್ಯಾಕ್ ಆಂಟನಿ ಗೆದ್ದರು. ಆಮೇಲೆ ಏಂಟ್ರಿ ಜಾಗವನ್ನು ಯುದ್ಧ ಇಲಾಖೆ ವಶಕ್ಕೆ ತೆಗೆದುಕೊಂಡಿತು. ರೇಸ್‌ಗಳೂ ಕಡಿಮೆಯಾದವು. 1910ರಲ್ಲಿ ಪಿಗೊಟ್ 67 ಗೆದ್ದು ಚಾಂಪಿಯನ್ ಆಗಿದ್ದರೆ, 1916ರ ಚಾಂಪಿಯನ್‌ಗೆ 17 ಗೆಲುವೇ ಸಾಕಾಯಿತು.

ನ್ಯಾಷನಲ್ಲನ್ನು ಪೂರ್ತಿ ಬಿಡಲು ರೇಸಿನವರಿಗೆ ಮನಸ್ಸು ಬರಲಿಲ್ಲ. ಲಂಡನ್ನಿನ ದಕ್ಷಿಣಕ್ಕಿದ್ದ ಗ್ಯಾಟ್ವಿಕ್ ರೇಸ್‌ಕೋರ್ಸ್‌ನಲ್ಲಿ ಏಂಟ್ರಿಯದ್ದರ ಹಾಗೆಯೇ ಬೇಲಿಗಳನ್ನು ಕಟ್ಟಿದರು. ಹೌದು, ಈಗ ವಿಮಾನ ಇಳಿಯುವ ಅದೇ ಗ್ಯಾಟ್ವಿಕ್. 1916ರಲ್ಲಿ ಅಲ್ಲಿ ನಡೆದ ರೇಸ್‌ಗೆ ಬೇರೆ ಹೆಸರಿತ್ತು. 1917, 1918ರಲ್ಲಿ 'ವಾರ್ ನ್ಯಾಷನಲ್' ಅಂದರು. ದೂರ ಏಂಟ್ರಿಯಷ್ಟೇ. ಆದರೆ ಬೇಲಿ ಇಪ್ಪತ್ತೊಂಬತ್ತು, ಓಟ ಬಲಕ್ಕೆ. ಏಂಟ್ರಿಯಲ್ಲಿ ಎಡಕ್ಕೆ. ಮುಖ್ಯವಾಗಿ ಆ ತಗ್ಗುಗಳು ಅಲ್ಲಿರಲಿಲ್ಲ. ಹಾಗಂತ ಸುಮ್ನೆ ತೋರಿಕೆಯ ರೇಸೂ ಆಗಿರಲಿಲ್ಲ. 1917ರಲ್ಲಿ ಲೈಮ್‌ರಾಕ್ ಎಂಬ ಕುದುರೆ ಗೆಲುವಿನ ಕಂಬಕ್ಕೆ ಕೆಲವೇ ಹೆಜ್ಜೆ ಇರುವಾಗ ಕುಸಿದುಬಿತ್ತು, ಹಿಂದಿದ್ದ ಬ್ಯಾಲಿಮಕಾಡ್ ಗೆದ್ದಿತು. ಮರುವರ್ಷ ಪೊಯೆತ್ಲಿನ್ ಮತ್ತು ಪಿಗೊಟ್.

ಈಗ ಲೆಕ್ಕ ಬರೆಯುವವರ ವಾದ ಕೇಳಿ. ನ್ಯಾಷನಲ್ ಅಂದರೆ ಏಂಟ್ರಿ, ಏಂಟ್ರಿ ಬಿಟ್ಟರೆ ನ್ಯಾಷನಲ್ ಇಲ್ಲ. ಈ ಲೆಕ್ಕದ ಪುಸ್ತಕ ಮೊದಲಿಂದಲೂ ಬಿಗಿಯಾದದ್ದೇ. 1836ರಲ್ಲಿ ಲಿವರ್‌ಪೂಲ್‌ನ ಸ್ಟೀಪಲ್‌ಚೇಸ್ (ಬೇಲಿ ಹಾರುವ ರೇಸ್) ಗೆದ್ದವರು ಕ್ಯಾಪ್ಟನ್ ಬೀಚರ್. ಅವರ ಹೆಸರು ಆಮೇಲೆ ಆ ಹಳ್ಳಕ್ಕೆ ಅಂಟಿಕೊಂಡಿತು, ಆದರೆ ಅವರ ಗೆಲುವು ಪಟ್ಟಿಗೆ ಸೇರಲಿಲ್ಲ. ಪಟ್ಟಿ ಶುರುವಾಗುವುದು 1839ರಿಂದ. 1993ರಲ್ಲಿ ಸ್ಟಾರ್ಟ್ ಎಡವಟ್ಟಾಗಿ, ಬಹಳಷ್ಟು ಜಾಕಿಗಳು ಗೊತ್ತಿಲ್ಲದೆ ಓಡುತ್ತಲೇ ಹೋದರು. ಎಶಾ ನೆಸ್ ಮೊದಲು ಬಂತು, ರೇಸೇ ರದ್ದಾಯಿತು.

ಸರಿ, ಒಪ್ಪೋಣ. ಹಾಗಾದರೆ ಡರ್ಬಿ ಕಥೆ ಏನು? ಅದೇ ಯುದ್ಧದಲ್ಲಿ, 1915ರಿಂದ 1918ರವರೆಗೆ, ಡರ್ಬಿಯನ್ನೂ ಎಪ್ಸಮ್‌ನಿಂದ ನ್ಯೂಮಾರ್ಕೆಟ್‌ಗೆ ಸಾಗಿಸಿದ್ದರು. ಎಪ್ಸಮ್‌ನ ಏರಿಳಿತ, ಆ ಇಳಿಜಾರಿನ ತಿರುವು ನ್ಯೂಮಾರ್ಕೆಟ್‌ನಲ್ಲಿ ಎಲ್ಲಿಂದ ಬರಬೇಕು? ಆದರೂ ಅಲ್ಲಿ ಗೆದ್ದವೆಲ್ಲ ಡರ್ಬಿ ಲೆಕ್ಕಕ್ಕೇ ಸೇರಿದವು. ಜಾಕಿ ಸ್ಟೀವ್ ಡೊನೊಗ್ಯು ಆರು ಡರ್ಬಿ ಗೆದ್ದರು ಅನ್ನುತ್ತಾರಲ್ವಾ, ಅದರಲ್ಲಿ ಎರಡು ನ್ಯೂಮಾರ್ಕೆಟ್‌ನವು. ಒಂದೇ ಯುದ್ಧ, ಎರಡು ನ್ಯಾಯ. ಬೇಲಿಗಳೇ ನ್ಯಾಷನಲ್‌ನ ಜೀವ ಅನ್ನುವುದು ನಿಜ, ಹಾಗಾಗಿ ಗ್ಯಾಟ್ವಿಕ್ಕನ್ನು ಏಂಟ್ರಿಗೆ ಸಮ ಅಂತ ನಾನೂ ಹೇಳುವುದಿಲ್ಲ. ಆದರೆ ಪಟ್ಟಿಯಲ್ಲಿ ಒಂದು ಅಡಿಟಿಪ್ಪಣಿ ಹಾಕಿ ಆ ಮೂರು ವರ್ಷಗಳನ್ನು ಸೇರಿಸಿದರೆ ಯಾರ ಗಂಟು ಹೋಗುತ್ತದೆ?

1919ರಲ್ಲಿ ರೇಸ್ ಏಂಟ್ರಿಗೆ ಮರಳಿತು. ಪೊಯೆತ್ಲಿನ್ ಮರಿಯಾಗಿದ್ದಾಗ ಎಷ್ಟು ಬಡಕಲಾಗಿತ್ತೆಂದರೆ ಬರೀ 7 ಪೌಂಡ್ ದುಡ್ಡಿಗೆ ಮಾರಿದ್ದರು, ಆಮೇಲೆ ಅದನ್ನು ಮರಳಿ ಕೊಂಡರು. ಅದೇ ಕುದುರೆಗೆ ಈಗ ಗರಿಷ್ಠ ಭಾರ, 12 ಸ್ಟೋನ್ 7 ಪೌಂಡ್. ಜೊತೆಗೆ ಜನರ ದುಡ್ಡೆಲ್ಲ ಅದರ ಮೇಲೇ. ಬಾಜಿ ದರ 11-4, ಅಂದರೆ ನಾಲ್ಕು ಕಟ್ಟಿದವನಿಗೆ ಹನ್ನೊಂದು ಲಾಭ. ನ್ಯಾಷನಲ್ ಗೆದ್ದ ಕುದುರೆಗಳಲ್ಲಿ ಇಷ್ಟು ಕಡಿಮೆ ದರ ಬೇರೆ ಯಾವುದಕ್ಕೂ ಇರಲಿಲ್ಲ. ತಗ್ಗು, ಹಳ್ಳ ಎಲ್ಲ ದಾಟಿ ಎಂಟು ಲೆಂತ್, ಅಂದರೆ ಎಂಟು ಕುದುರೆಯಷ್ಟು ಉದ್ದದ ಅಂತರದಿಂದ ಗೆದ್ದುಬಿಟ್ಟಿತು. ಗ್ಯಾಟ್ವಿಕ್‌ನಲ್ಲಿ ಗೆದ್ದ ಕುದುರೆ ಏಂಟ್ರಿಗೆ ಲಾಯಕ್ಕೋ ಅಲ್ಲವೋ ಅನ್ನುವ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತ್ತು.

1920ರಲ್ಲೂ ಪೊಯೆತ್ಲಿನ್ನೇ ಫೇವರಿಟ್. ಮೊದಲ ಬೇಲಿಯಲ್ಲೇ ಬಿತ್ತು. ಟ್ರಾಯ್‌ಟೌನ್ ಮೇಲೆ ಜ್ಯಾಕ್ ಆಂಟನಿ ಗೆದ್ದರು. ಅದು ಅವರ ಮೂರನೆಯ ನ್ಯಾಷನಲ್, ಯುದ್ಧದ ನಡುವಿನ 1915ರದ್ದೂ ಸೇರಿ. ಮೂರೂ ಏಂಟ್ರಿಯವೇ ಆದ್ದರಿಂದ ಅವರ ಲೆಕ್ಕದಲ್ಲಿ ಗೊಂದಲವಿಲ್ಲ.

ಪಿಗೊಟ್ ಮನೆಗೆ ನ್ಯಾಷನಲ್ ಇನ್ನೊಮ್ಮೆ ಬಂತು. 1963ರಲ್ಲಿ 66-1 ದರದ ಅಯಾಲಾ ಗೆದ್ದಾಗ ಅದರ ಟ್ರೇನರ್ ಎರ್ನಿಯ ಮಗ ಕೀತ್. ಕೀತ್ ಅವರ ಮಗ ಲೆಸ್ಟರ್ ಪಿಗೊಟ್ ಬೇಲಿ ಬಿಟ್ಟು ಫ್ಲಾಟ್ ರೇಸಿಗೆ ಹೋಗಿ ಒಂಬತ್ತು ಡರ್ಬಿ ಗೆದ್ದರು. ಒಂಬತ್ತೂ ಎಪ್ಸಮ್‌ನಲ್ಲೇ.